ಒಂದೇ ಕಡಲು, ಎರಡು ಊಟ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಹುಟ್ಟಿದ್ದು ಮನುಷ್ಯರಿಗಾಗಿ. ಏನನ್ನು, ಎಷ್ಟು, ಯಾವಾಗ ತಿನ್ನಬೇಕು ಎಂದು ಅರಿತವನಿಗೆ ವೈದ್ಯರ ಹಂಗಿಲ್ಲ ಎಂಬುದು ಅದರ ತಾತ್ಪರ್ಯ. ಕಾಡುಪ್ರಾಣಿಗೆ ಈ ಉಪದೇಶ ಬೇಡವೆಂದೇ ಎಲ್ಲರ ಎಣಿಕೆ. ಹಸಿದಾಗ ಸಿಕ್ಕಿದ್ದನ್ನು ತಿನ್ನುವುದು, ಹೊಟ್ಟೆ ತುಂಬಿದಾಗ ಬಿಡುವುದು, ಇಷ್ಟೇ ಅವುಗಳ ಆಹಾರಶಾಸ್ತ್ರ ಎಂದು ಬಹುಕಾಲ ವಿಜ್ಞಾನಿಗಳೂ ನಂಬಿದ್ದರು. ಆ ನಂಬಿಕೆಯನ್ನು ಬುಡಮೇಲು ಮಾಡಿದ ಘಟನೆಯೊಂದು 1970ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನಡೆಯಿತು.

ಆ ವರ್ಷದ ಮಾರ್ಚ್ 1ರಂದು ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾ ನಗರದ ಸಮೀಪ, ಪೆಡ್ಡರ್ ಬೇ ಎಂಬ ಪುಟ್ಟ ಕೊಲ್ಲಿಯೊಳಕ್ಕೆ ಐದು ಓರ್ಕಾಗಳು ಬಂದವು. ಕಪ್ಪು ಬಿಳುಪು ಮೈಯ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಬೆನ್ನುರೆಕ್ಕೆಯ ಈ ಪ್ರಾಣಿಗೆ ಇಂಗ್ಲಿಷಿನಲ್ಲಿ ‘ಕಿಲ್ಲರ್ ವೇಲ್’ ಎಂದು ಹೆಸರು. ಹೆಸರಿಗೆ ತಿಮಿಂಗಿಲ, ಕುಲದಲ್ಲಿ ಡಾಲ್ಫಿನ್, ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಡಾಲ್ಫಿನ್. ಕಡಲಪ್ರಾಣಿಗಳ ಪ್ರದರ್ಶನ ನಡೆಸುತ್ತಿದ್ದವರು ಕೊಲ್ಲಿಯ ಬಾಯಿಗೆ ಬಲೆ ಕಟ್ಟಿ ಐದನ್ನೂ ಸೆರೆಹಿಡಿದರು. ಎರಡನ್ನು ವಿಕ್ಟೋರಿಯಾದ ಪ್ರದರ್ಶನ ಕೊಳಕ್ಕೆ ಸಾಗಿಸಿದರು. ಉಳಿದ ಮೂರು ಬಲೆಯೊಳಗೇ ಉಳಿದವು.

ಅವುಗಳಿಗೆ ದಿನವೂ ಮೀನು ಎಸೆಯಲಾಯಿತು. ಅವು ಮೂಸಿಯೂ ನೋಡಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಮೈಯ ಕೊಬ್ಬು ಕರಗಿ ಪಕ್ಕೆಲುಬಿನ ಗೆರೆ ಕಾಣತೊಡಗಿತು. 75ನೆಯ ದಿನ ಒಂದು ಹೆಣ್ಣು ಓರ್ಕಾ ಬಲೆಗೆ ನುಗ್ಗಿ ಸತ್ತಿತು. ಅದಾದ ಕೆಲವೇ ದಿನಗಳಲ್ಲಿ, ಉಳಿದ ಎರಡರಲ್ಲಿ ಗಂಡು ಒಂದು ಸಾಲ್ಮನ್ ಮೀನನ್ನು ಬಾಯಲ್ಲಿ ಹಿಡಿದು, ತಾನು ತಿನ್ನದೆ, ಜೊತೆಯ ಹೆಣ್ಣಿನ ಮುಂದಕ್ಕೆ ಒಯ್ದಿತು. ಎರಡೂ ಸೇರಿ ಅದನ್ನು ಹರಿದು ತಿಂದವು. ಅಲ್ಲಿಂದಾಚೆಗೆ ಅವು ಮೀನು ತಿಂದೇ ಚೇತರಿಸಿಕೊಂಡವು. ಅಕ್ಟೋಬರಿನ ಒಂದು ರಾತ್ರಿ ಯಾರೋ ಬಲೆಗೆ ಭಾರ ಕಟ್ಟಿ ಮುಳುಗಿಸಿದರು. ಎರಡೂ ಕಡಲಿಗೆ ಹೊರಟುಹೋದವು. ಸ್ವಾರಸ್ಯವೆಂದರೆ, ಮುಂದೆ ಅವು ಮತ್ತೆ ಕಾಣಿಸಿಕೊಂಡಾಗ ಮೀನಿನ ಗೊಡವೆಗೆ ಹೋಗದೆ ತಮ್ಮ ಹಳೆಯ ಊಟಕ್ಕೇ ಮರಳಿದ್ದವು.

ಆ ಹಳೆಯ ಊಟ ಯಾವುದು? ತಿನ್ನಲು ಮೀನು ಇದ್ದರೂ ಎರಡೂವರೆ ತಿಂಗಳು ಉಪವಾಸ ಬಿದ್ದದ್ದೇಕೆ? ಆಗ ಯಾರಿಗೂ ಉತ್ತರ ತಿಳಿದಿರಲಿಲ್ಲ. ಉತ್ತರ ಹುಡುಕುತ್ತ ಹೋದ ಅರ್ಧ ಶತಮಾನದ ಕಥೆ, ಕಡಲಿನ ಒಂದು ಸಸ್ತನಿಯ ಆರೋಗ್ಯ ಅದರ ಊಟಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ ಎಂಬುದರ ಕಥೆಯೂ ಹೌದು.

ಮೆಷಿನ್ ಗನ್ನಿನ ಕಾಲ

ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ ಮತ್ತು ಅಮೆರಿಕದ ವಾಷಿಂಗ್ಟನ್ ರಾಜ್ಯಗಳ ನಡುವೆ ದ್ವೀಪಗಳಿಂದ ತುಂಬಿದ ಒಳಗಡಲು ಇದೆ. ಇಂದು ಅದಕ್ಕೆ ಸೇಲಿಶ್ ಸಮುದ್ರವೆಂದು ಹೆಸರು. ಅದರ ದಂಡೆಯ ಮೂಲನಿವಾಸಿಗಳಾದ ಲಮ್ಮಿ ಜನ ಓರ್ಕಾವನ್ನು ಕರೆಯುವ ಪದಕ್ಕೆ ‘ಅಲೆಗಳ ಕೆಳಗಿನ ನಮ್ಮ ಬಂಧುಗಳು’ ಎಂದು ಅರ್ಥ. ಆ ಬಂಧುಗಳೂ ಈ ಜನರೂ ಬದುಕಿದ್ದು ಒಂದೇ ಮೀನಿನ ಮೇಲೆ, ಅದು ಸಾಲ್ಮನ್.

ಯೂರೋಪಿನಿಂದ ಬಂದು ನೆಲೆಸಿದ ಮೀನುಗಾರರಿಗೆ ಓರ್ಕಾ ಬಂಧುವಾಗಿರಲಿಲ್ಲ. ತಮ್ಮ ಬಲೆಗೆ ಬೀಳಬೇಕಾದ ಸಾಲ್ಮನ್ ಮೀನನ್ನು ಕದಿಯುವ ಕಳ್ಳನಾಗಿತ್ತು. ಕಂಡಲ್ಲಿ ಗುಂಡು ಹೊಡೆಯುವುದು ರೂಢಿಯಾಗಿತ್ತು. 1960ರ ದಶಕದಲ್ಲಿ ಜೀವಂತವಾಗಿ ಸೆರೆಸಿಕ್ಕ ಓರ್ಕಾಗಳಲ್ಲಿ ಸುಮಾರು ಕಾಲು ಭಾಗದ ಮೈಮೇಲೆ ಹಳೆಯ ಗುಂಡಿನ ಗಾಯಗಳಿದ್ದವು. 1961ರಲ್ಲಿ ಕೆನಡಾದ ಮೀನುಗಾರಿಕೆ ಇಲಾಖೆಯೇ ಕ್ಯಾಂಪ್‌ಬೆಲ್ ರಿವರ್ ಪಟ್ಟಣದ ಬಳಿ, ಓರ್ಕಾಗಳು ಹಾದುಹೋಗುವ ಜಲಸಂಧಿಯ ಮೇಲೆ, ಮೆಷಿನ್ ಗನ್ ಒಂದನ್ನು ನೆಟ್ಟಿತು. ಅದೃಷ್ಟಕ್ಕೆ ಅದರಿಂದ ಒಂದು ಗುಂಡೂ ಹಾರಲಿಲ್ಲ.

1964ರಲ್ಲಿ ವ್ಯಾಂಕೂವರಿನ ಮತ್ಸ್ಯಾಲಯಕ್ಕೆ ಓರ್ಕಾದ ಪೂರ್ಣಗಾತ್ರದ ಶಿಲ್ಪ ಬೇಕಾಯಿತು. ಮಾದರಿಗೆಂದು ಒಂದನ್ನು ಕೊಂದು ತರಲು ಶಿಲ್ಪಿಯನ್ನೇ ಕಳಿಸಿದರು. ಈಟಿ ತಗುಲಿದ ಓರ್ಕಾ ಸಾಯಲಿಲ್ಲ. ಅದನ್ನು ಹಗ್ಗದಲ್ಲಿ ಕಟ್ಟಿ ಬಂದರಿಗೆ ತಂದರು, ಹೆಣ್ಣೆಂದು ತಪ್ಪು ತಿಳಿದು ‘ಮೋಬಿ ಡಾಲ್’ ಎಂದು ಹೆಸರಿಟ್ಟರು. ಸುಮಾರು ಎಂಟು ವಾರ ಅದೂ ಏನನ್ನೂ ಮುಟ್ಟಲಿಲ್ಲ. ಕೊನೆಗೆ ಮೀನು ತಿನ್ನತೊಡಗಿತಾದರೂ ಅಕ್ಟೋಬರಿನಲ್ಲಿ ಸತ್ತುಹೋಯಿತು. ಆದರೆ ಬದುಕಿದ್ದ ಮೂರು ತಿಂಗಳಲ್ಲಿ ಅದು ಯಾರ ಮೇಲೂ ಎರಗಲಿಲ್ಲ. ‘ಕೊಲೆಗಡುಕ’ನ ಸೌಮ್ಯ ಸ್ವಭಾವ ಕಂಡು ಜನ ಬೆರಗಾದರು. ಆ ಬೆರಗೇ ಓರ್ಕಾಗಳಿಗೆ ಮುಳುವಾಯಿತು. ಜಗತ್ತಿನ ಪ್ರದರ್ಶನ ಕೊಳಗಳಿಗೆಲ್ಲ ಓರ್ಕಾ ಬೇಕೆನಿಸಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸೇಲಿಶ್ ಸಮುದ್ರದ ದಕ್ಷಿಣ ಭಾಗದ ಬಳಗದಿಂದಲೇ ನಲವತ್ತಕ್ಕೂ ಹೆಚ್ಚು ಓರ್ಕಾಗಳು ಸೆರೆಯಾದವು ಅಥವಾ ಸೆರೆಯ ಗಲಾಟೆಯಲ್ಲಿ ಸತ್ತವು. ಹಿಡಿಯುವವರು ಆರಿಸಿಕೊಳ್ಳುತ್ತಿದ್ದದ್ದು ಎಳೆಯ ಮರಿಗಳನ್ನು. 1970ರ ಆಗಸ್ಟಿನಲ್ಲಿ ಪೆನ್ ಕೋವ್‌ನಲ್ಲಿ ಹಿಡಿದು ಮಯಾಮಿಗೆ ಒಯ್ದ ಲೊಲಿಟಾ ಎಂಬ ಹೆಣ್ಣು ಓರ್ಕಾ 53 ವರ್ಷ ಕೊಳದಲ್ಲೇ ಬದುಕಿ, 2023ರ ಆಗಸ್ಟಿನಲ್ಲಿ ಅಲ್ಲೇ ಸತ್ತಿತು.

ಬೆನ್ನುರೆಕ್ಕೆಯ ಲೆಕ್ಕ

ಸೆರೆಹಿಡಿಯುವ ಭರಾಟೆ ನೋಡಿ, ಕಡಲಲ್ಲಿ ಒಟ್ಟು ಎಷ್ಟು ಓರ್ಕಾಗಳಿವೆ ಎಂಬ ಪ್ರಶ್ನೆ ಸರ್ಕಾರಕ್ಕೆ ಎದುರಾಯಿತು. ಸಾವಿರಾರು ಇವೆ ಎಂಬುದು ಜನರ ಊಹೆ. ಲೆಕ್ಕ ಹಾಕುವ ಕೆಲಸ ಮೈಕೆಲ್ ಬಿಗ್ ಎಂಬ ಕೆನಡಾದ ಜೀವವಿಜ್ಞಾನಿಯ ಪಾಲಿಗೆ ಬಂತು. 1971ರಲ್ಲಿ ಅವರು ಮೀನುಗಾರರು, ದೀಪಸ್ತಂಭದ ಕಾವಲುಗಾರರು, ದೋಣಿ ನಡೆಸುವವರು ಮುಂತಾದವರಿಗೆ ಸುಮಾರು 15,000 ಪ್ರಶ್ನಾವಳಿಗಳನ್ನು ಕಳಿಸಿ, ಗೊತ್ತುಪಡಿಸಿದ ದಿನ ಎಷ್ಟು ಓರ್ಕಾ ಕಂಡವೆಂದು ಬರೆಯುವಂತೆ ಕೋರಿದರು. ಉತ್ತರಗಳನ್ನು ಕೂಡಿಸಿ ನೋಡಿದಾಗ ಒಟ್ಟು ಸಂಖ್ಯೆ ಮೂರೂವರೆ ನೂರನ್ನು ಮೀರದೆಂದು ತಿಳಿಯಿತು.

ಬಿಗ್ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಓರ್ಕಾದ ಬೆನ್ನುರೆಕ್ಕೆಯ ಕಚ್ಚುಗಳು ಮತ್ತು ಅದರ ಹಿಂದಿನ ಬೂದುಬಣ್ಣದ ಮಚ್ಚೆ, ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ ಎಂಬುದನ್ನು ಅವರೂ ಸಂಗಡಿಗರೂ ಗುರುತಿಸಿದರು. ಫೋಟೊಗಳ ಮೂಲಕ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಯಾವ ತಾಯಿಗೆ ಯಾವ ಮರಿ ಎಂದು ವಂಶವೃಕ್ಷವನ್ನೇ ಬರೆದರು. 1976ರಿಂದ ಅಮೆರಿಕದ ಸ್ಯಾನ್ ವಾನ್ ದ್ವೀಪದಲ್ಲಿ ಕೆನ್ ಬಾಲ್ಕಂಬ್ ಇದೇ ವಿಧಾನದಿಂದ ದಕ್ಷಿಣದ ಬಳಗವನ್ನು ವರ್ಷವರ್ಷವೂ ಎಣಿಸತೊಡಗಿದರು. 2022ರಲ್ಲಿ ಅವರು ತೀರಿಕೊಂಡ ಬಳಿಕವೂ ಎಣಿಕೆ ನಿಂತಿಲ್ಲ.

ಈ ಲೆಕ್ಕದ ಪುಸ್ತಕದಿಂದಲೇ ಪೆಡ್ಡರ್ ಬೇಯ ಒಗಟು ಬಿಡಿಸಿಕೊಂಡಿತು. ಒಂದೇ ಕಡಲಲ್ಲಿ, ನೋಡಲು ಒಂದೇ ತೆರನಾದ, ಆದರೆ ಪರಸ್ಪರ ಸಂಬಂಧ ಬೆಳೆಸದ ಎರಡು ಬಗೆಯ ಓರ್ಕಾಗಳಿದ್ದವು. ದೊಡ್ಡ ಕುಟುಂಬಗಳಾಗಿ ಬಂದು ಬೇಸಿಗೆಯಲ್ಲಿ ದಿನಗಟ್ಟಲೆ ಒಂದೆಡೆ ಇರುವಂಥವನ್ನು ಬಿಗ್ ‘ರೆಸಿಡೆಂಟ್’, ಎಂದರೆ ನೆಲೆಗಾರರು ಎಂದು ಕರೆದರು. ಮೂರೋ ನಾಲ್ಕೋ ಸೇರಿ ಸದ್ದಿಲ್ಲದೆ ಬಂದು ಹೋಗುವಂಥವು ‘ಟ್ರಾನ್ಸಿಯೆಂಟ್’, ಎಂದರೆ ಅಲೆಮಾರಿಗಳು. ನೆಲೆಗಾರರ ಊಟ ಮೀನು. ಅಲೆಮಾರಿಗಳ ಊಟ ಸೀಲ್, ಕಡಲಸಿಂಹ, ಸಣ್ಣ ಡಾಲ್ಫಿನ್‌ನಂಥ ಬಿಸಿರಕ್ತದ ಪ್ರಾಣಿಗಳು. ಪೆಡ್ಡರ್ ಬೇಯಲ್ಲಿ ಸಿಕ್ಕಿಬಿದ್ದವು ಅಲೆಮಾರಿಗಳು. ಅವುಗಳ ಲೆಕ್ಕದಲ್ಲಿ ಮೀನು ಆಹಾರವೇ ಆಗಿರಲಿಲ್ಲ.

ಇದು ರುಚಿಯ ಪ್ರಶ್ನೆಯಷ್ಟೇ ಅಲ್ಲ. ಸೀಲ್ ಬೇಟೆಗೆ ಮೌನ ಬೇಕು, ಏಕೆಂದರೆ ಸೀಲಿನ ಕಿವಿ ಚುರುಕು. ಹಾಗಾಗಿ ಅಲೆಮಾರಿಗಳು ಬೇಟೆಯ ಹೊತ್ತಿನಲ್ಲಿ ಮಾತಾಡುವುದಿಲ್ಲ. ನೆಲೆಗಾರರು ಸದಾ ಗಲಗಲ ಮಾಡುತ್ತಲೇ ಇರುತ್ತವೆ. ಒಂದೊಂದು ಕುಟುಂಬಕ್ಕೂ ಅದರದೇ ಉಪಭಾಷೆ ಇದೆಯೆಂದು ಜಾನ್ ಫೋರ್ಡ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಊಟ, ಬೇಟೆಯ ವಿಧಾನ, ಭಾಷೆ, ಕುಟುಂಬದ ಗಾತ್ರ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ತಾಯಿಯಿಂದ ಮರಿಗೆ ಬರುತ್ತವೆ. ಮನುಷ್ಯರ ವಿಷಯದಲ್ಲಿ ಇದನ್ನೇ ಸಂಸ್ಕೃತಿ ಎನ್ನುತ್ತಾರೆ. ಬಹಳ ಹಿಂದೆಯೇ ಬೇರೆಯಾದ ಈ ಎರಡನ್ನೂ ಪ್ರತ್ಯೇಕ ಪ್ರಭೇದಗಳೆಂದೇ ಪರಿಗಣಿಸಬೇಕೆಂದು 2024ರಲ್ಲಿ ವಿಜ್ಞಾನಿಗಳ ತಂಡವೊಂದು ವಾದ ಮಂಡಿಸಿದೆ. 1990ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಬಿಗ್ ಅವರ ನೆನಪಿಗೆ ಅಲೆಮಾರಿಗಳನ್ನು ಈಗ ‘ಬಿಗ್ ಓರ್ಕಾ’ಗಳೆಂದೂ ಕರೆಯುತ್ತಾರೆ.

ಹುರುಪೆ ನುಡಿದ ಸಾಕ್ಷ್ಯ

ನೆಲೆಗಾರರು ಮೀನು ತಿನ್ನುತ್ತವೆ, ಸರಿ. ಯಾವ ಮೀನು? ಕಡಲಾಳದ ಊಟವನ್ನು ನೋಡುವುದು ಹೇಗೆ? ಫೋರ್ಡ್ ಮತ್ತು ಗ್ರೇಮ್ ಎಲ್ಲಿಸ್ ಸರಳ ಉಪಾಯ ಹುಡುಕಿದರು. ಓರ್ಕಾ ಮೀನನ್ನು ಹರಿದಾಗ ಹುರುಪೆಗಳು ನೀರಿನ ಮೇಲ್ಭಾಗಕ್ಕೆ ತೇಲಿಬರುತ್ತವೆ. ಅವರು ದೋಣಿಯಲ್ಲಿ ಹಿಂದೆಯೇ ಹೋಗಿ ಕೈಬಲೆಯಿಂದ ಅವನ್ನು ಸೋಸಿ ತೆಗೆದರು. ಮೀನಿನ ಹುರುಪೆಯಲ್ಲಿ, ಮರದ ಕಾಂಡದಲ್ಲಿರುವಂತೆ, ಬೆಳವಣಿಗೆಯ ಸುತ್ತುಗಳಿರುತ್ತವೆ. ಜಾತಿಯನ್ನೂ ವಯಸ್ಸನ್ನೂ ಅದರಿಂದ ಹೇಳಬಹುದು.

ಫಲಿತಾಂಶ ನೋಡಿ ಅವರೇ ಅಚ್ಚರಿಗೊಂಡರು. ಬೇಸಿಗೆಯಲ್ಲಿ ಫ್ರೇಸರ್ ನದಿಯತ್ತ ಲಕ್ಷಲಕ್ಷ ಸಂಖ್ಯೆಯಲ್ಲಿ ಸಾಗುವುದು ಸಾಕೈ ಎಂಬ ಸಣ್ಣ ಸಾಲ್ಮನ್. ಓರ್ಕಾಗಳು ಆ ರಾಶಿಯ ನಡುವೆಯೇ ಹಾದುಹೋಗಿ, ವಿರಳವಾಗಿರುವ ಚಿನೂಕ್ ಎಂಬ ಇನ್ನೊಂದು ಸಾಲ್ಮನ್ ಜಾತಿಯನ್ನು ಹುಡುಕುತ್ತಿದ್ದವು. ನಂತರದ ಅಧ್ಯಯನಗಳಲ್ಲೂ ದಕ್ಷಿಣದ ನೆಲೆಗಾರರ ಬೇಸಿಗೆಯ ಊಟದಲ್ಲಿ ಶೇಕಡ 80ಕ್ಕೂ ಹೆಚ್ಚು ಚಿನೂಕ್ ಎಂದೇ ತಿಳಿಯಿತು. ಶರತ್ಕಾಲ, ಚಳಿಗಾಲಗಳಲ್ಲಿ ಚಮ್ ಮುಂತಾದ ಬೇರೆ ಸಾಲ್ಮನ್‌ಗಳೂ, ಕಡಲತಳದ ಕೆಲವು ಮೀನುಗಳೂ ಸೇರುತ್ತವೆ. ಆದರೆ ಮುಖ್ಯ ಊಟ ಚಿನೂಕ್.

ಇದಕ್ಕೆ ಕಾರಣವಿದೆ. ಸಾಲ್ಮನ್‌ಗಳಲ್ಲಿ ಚಿನೂಕ್ ಅತಿ ದೊಡ್ಡದು, ಕೊಬ್ಬು ತುಂಬಿದ್ದು. ಒಂದು ಸಾಕೈ ಸುಮಾರು ಮೂರು ಕಿಲೊ ತೂಗಿದರೆ, ಹಿಂದಿನ ಕಾಲದ ಚಿನೂಕ್ ಇಪ್ಪತ್ತು ಮೂವತ್ತು ಕಿಲೊ ತೂಗುವುದು ಅಪರೂಪವಾಗಿರಲಿಲ್ಲ. ಬೇರೆ ಸಾಲ್ಮನ್‌ಗಳು ವರ್ಷದ ಕೆಲವು ವಾರ ದಡದ ಬಳಿ ಬಂದು ಮಾಯವಾಗುತ್ತವೆ. ಚಿನೂಕ್ ವರ್ಷವಿಡೀ ಒಂದಲ್ಲ ಒಂದು ಕಡೆ ಸಿಗುತ್ತದೆ. ಓರ್ಕಾ ಹೊರಡಿಸುವ ಟಿಕ್ ಟಿಕ್ ಸದ್ದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಡಿದು ಮರಳುವ ಪ್ರತಿಧ್ವನಿ ಜಾತಿಯಿಂದ ಜಾತಿಗೆ ಬೇರೆ. ಆದ್ದರಿಂದ ಕತ್ತಲ ಆಳದಲ್ಲೂ ಓರ್ಕಾಕ್ಕೆ ಚಿನೂಕ್ ಯಾವುದೆಂದು ಗೊತ್ತಾಗುತ್ತದೆ. ಬೆಳೆದ ಓರ್ಕಾಕ್ಕೆ ದಿನಕ್ಕೆ 18ರಿಂದ 25 ಸಾಲ್ಮನ್ ಬೇಕೆಂಬುದು ಒಂದು ಅಂದಾಜು. ಸಣ್ಣ ಮೀನಿನ ಹಿಂದೆ ಓಡಾಡಿ ದಣಿಯುವುದಕ್ಕಿಂತ ದೊಡ್ಡದನ್ನು ಹಿಡಿದು ಹಂಚಿಕೊಳ್ಳುವುದು ಲಾಭದ ವ್ಯವಹಾರ. ಹಂಚಿಕೊಳ್ಳುವುದೆಂಬುದು ಬರಿಯ ಮಾತಲ್ಲ; ಹಿಡಿದ ಮೀನನ್ನು ತಾಯಿ ಹರಿದು ಮರಿಗೆ, ಬೆಳೆದ ಮಗನಿಗೂ ಕೊಡುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ.

ಯಾವ ತಿಂಗಳು ಯಾವ ನದಿಯ ಮುಖಕ್ಕೆ ಚಿನೂಕ್ ಬರುತ್ತದೆ ಎಂಬ ಪಂಚಾಂಗ ಬಳಗದ ಅಜ್ಜಿಯ ತಲೆಯಲ್ಲಿ ಇರುತ್ತದೆ. ಹೆಣ್ಣು ಓರ್ಕಾ ಸುಮಾರು ನಲವತ್ತನೆಯ ವಯಸ್ಸಿಗೆ ಹೆರುವುದನ್ನು ನಿಲ್ಲಿಸಿ, ಮುಂದೆ ಹಲವು ದಶಕ ಬದುಕುತ್ತದೆ. ಹೆರದ ಈ ಅಜ್ಜಿಯರೇ ಗುಂಪಿನ ಮುಂದೆ ಸಾಗುತ್ತವೆಂದೂ, ಸಾಲ್ಮನ್ ಕಡಿಮೆಯಾದ ವರ್ಷ ಅವುಗಳ ಮುಂದಾಳುತನ ಇನ್ನಷ್ಟು ಎದ್ದು ಕಾಣುತ್ತದೆಂದೂ 2015ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಅಜ್ಜಿ ಸತ್ತರೆ ಮೊಮ್ಮಕ್ಕಳ ಸಾವಿನ ಸಂಭವ ಹೆಚ್ಚುತ್ತದೆಂದು 2019ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಅಲ್ಲೂ ಮೀನಿನ ಬರದ ವರ್ಷದಲ್ಲೇ ಪರಿಣಾಮ ತೀವ್ರ.

ಬರಿದಾದ ನದಿಗಳು

ಚಿನೂಕ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಲ್ಲಿ, ಮೊಟ್ಟೆಯಿಟ್ಟು ಸಾಯುವುದು ಹುಟ್ಟಿದ ನದಿಯಲ್ಲಿ. ಹಾಗಾಗಿ ಓರ್ಕಾದ ಊಟದ ಭವಿಷ್ಯ ಕಡಲಿಂದ ನೂರಾರು ಮೈಲಿ ದೂರದ ಬೆಟ್ಟಗಳಲ್ಲಿ ನಿರ್ಧಾರವಾಗುತ್ತದೆ. ಆ ಬೆಟ್ಟಗಳ ಇತಿಹಾಸ ಸಾಲ್ಮನ್‌ಗೆ ಕರುಣೆ ತೋರಲಿಲ್ಲ. 1866ರಲ್ಲಿ ಕೊಲಂಬಿಯ ನದಿಯ ದಡದಲ್ಲಿ ಸಾಲ್ಮನ್ ಡಬ್ಬಿಗೆ ತುಂಬುವ ಕಾರ್ಖಾನೆ ಶುರುವಾಯಿತು. ಮರ ಕಡಿದು ಬೆಟ್ಟ ಬೋಳಾದಾಗ ಹೊಳೆಗಳಲ್ಲಿ ಹೂಳು ತುಂಬಿತು. ಫ್ರೇಸರ್ ಕಣಿವೆಯಲ್ಲಿ ರೈಲುಮಾರ್ಗಕ್ಕೆ ಬಂಡೆ ಸಿಡಿಸುವಾಗ 1914ರಲ್ಲಿ ಹೆಲ್ಸ್ ಗೇಟ್ ಎಂಬಲ್ಲಿ ಗುಡ್ಡ ಕುಸಿದು ಮೀನಿನ ದಾರಿ ಮುಚ್ಚಿತು. ಅಲ್ಲಿ ಮೀನಿಗೆ ಮೆಟ್ಟಿಲು ಕಟ್ಟುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಅಣೆಕಟ್ಟುಗಳದು. ಕೊಲಂಬಿಯ ನದಿಗೆ ಅಡ್ಡಲಾಗಿ 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನಿಗೆ ದಾರಿಯನ್ನೇ ಬಿಡಲಿಲ್ಲ. ಅದರ ಮೇಲಿನ ನದಿಭಾಗಕ್ಕೆ ಏರುತ್ತಿದ್ದ, ‘ಜೂನ್ ಹಾಗ್’ ಎಂದು ಹೆಸರಾಗಿದ್ದ ಭಾರಿ ಗಾತ್ರದ ಚಿನೂಕ್ ಇತಿಹಾಸಕ್ಕೆ ಸೇರಿತು. 1962ರಿಂದ 1975ರ ನಡುವೆ ಉಪನದಿ ಸ್ನೇಕ್‌ನ ಕೆಳಭಾಗದಲ್ಲಿ ಇನ್ನೂ ನಾಲ್ಕು ಅಣೆಕಟ್ಟುಗಳು ಎದ್ದವು. ಅವಕ್ಕೆ ಮೀನುಮೆಟ್ಟಿಲುಗಳಿವೆ; ಆದರೆ ಮರಿಮೀನು ನಿಂತ ನೀರಿನ ಸರೋವರಗಳನ್ನೂ ಟರ್ಬೈನುಗಳನ್ನೂ ದಾಟಿ ಕಡಲು ಸೇರಬೇಕು. ಇಂದಿನ ಚಿನೂಕ್‌ನಲ್ಲಿ ಹೆಚ್ಚಿನ ಪಾಲು ಮೊಟ್ಟೆಕೇಂದ್ರಗಳಲ್ಲಿ ಮರಿಮಾಡಿ ಬಿಟ್ಟದ್ದು. ಸಂಖ್ಯೆಯಷ್ಟೇ ಅಲ್ಲ, ಗಾತ್ರವೂ ಕುಗ್ಗಿದೆ. ವಯಸ್ಸಾದ ದೊಡ್ಡ ಮೀನುಗಳು ವಿರಳವಾಗಿವೆ.

ಹಸಿವು ಮೈಯಲ್ಲಿ ಬರೆದದ್ದು

ಸೆರೆಹಿಡಿಯುವುದು ನಿಂತ ಮೇಲೆ ದಕ್ಷಿಣದ ಬಳಗ ಚೇತರಿಸಿಕೊಳ್ಳುತ್ತಿತ್ತು. 1995ರಲ್ಲಿ ಅವುಗಳ ಸಂಖ್ಯೆ 98ಕ್ಕೆ ಏರಿತ್ತು. ಬಳಿಕ ಹಠಾತ್ತನೆ ಸಾವುಗಳು ಹೆಚ್ಚಿದವು. 2001ರ ಹೊತ್ತಿಗೆ ಉಳಿದದ್ದು ಸುಮಾರು 80. ಇದೇ ವರ್ಷಗಳಲ್ಲಿ, ಉತ್ತರಕ್ಕಿರುವ ಇನ್ನೊಂದು ನೆಲೆಗಾರ ಬಳಗದಲ್ಲೂ ಸಾವು ಹೆಚ್ಚಿತು. ಪರಸ್ಪರ ಬೆರೆಯದ ಎರಡು ಬಳಗಗಳಿಗೆ ಒಂದೇ ಕಾಲದಲ್ಲಿ ಕುತ್ತು ಬಂದದ್ದೇಕೆ? ಎರಡಕ್ಕೂ ಸಮಾನವಾದದ್ದು ಊಟ. ಫೋರ್ಡ್, ಎಲ್ಲಿಸ್, ಬಾಲ್ಕಂಬ್ ಮತ್ತು ಸಂಗಡಿಗರು 25 ವರ್ಷಗಳ ಸಾವಿನ ಲೆಕ್ಕವನ್ನು ಚಿನೂಕ್ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಚಿನೂಕ್ ಕುಸಿದ ವರ್ಷದ ಮರುವರ್ಷ ಓರ್ಕಾಗಳ ಸಾವು ಏರುತ್ತಿತ್ತು. 2010ರಲ್ಲಿ ಈ ಸಂಬಂಧ ಪ್ರಕಟವಾಯಿತು.

ಹಸಿವು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಲು ಇನ್ನೊಂದು ವಿಚಿತ್ರ ಉಪಾಯ ಬೇಕಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ವಾಸರ್ ಅವರ ತಂಡ ಟಕರ್ ಎಂಬ ಕಪ್ಪು ಲ್ಯಾಬ್ರಡಾರ್ ನಾಯಿಯನ್ನು ದೋಣಿಯ ಮುಂತುದಿಯಲ್ಲಿ ನಿಲ್ಲಿಸಿಕೊಂಡು ಹೊರಟಿತು. ನೀರಿನ ಮೇಲೆ ತೇಲುವ ಓರ್ಕಾದ ಮಲವನ್ನು ನಾಯಿ ವಾಸನೆಯಿಂದ ಪತ್ತೆಹಚ್ಚುತ್ತಿತ್ತು. ಮಲದಲ್ಲಿ ಹಾರ್ಮೋನುಗಳಿರುತ್ತವೆ. ದೋಣಿಗಳ ಕಾಟದಿಂದ ಗಾಬರಿಯಾದರೂ, ಹಸಿವಾದರೂ ಒಂದು ಬಗೆಯ ಒತ್ತಡದ ಹಾರ್ಮೋನು ಏರುತ್ತದೆ. ಆದರೆ ಥೈರಾಯ್ಡ್ ಹಾರ್ಮೋನು ಇಳಿಯುವುದು ಆಹಾರ ಸಾಲದಾದಾಗ. ದೇಹ ಒಲೆಯ ಉರಿಯನ್ನು ತಗ್ಗಿಸಿ ಸೌದೆ ಉಳಿಸಿದಂತೆ. ಎರಡನ್ನೂ ಹೋಲಿಸಿದಾಗ ಹಸಿವೇ ಮುಖ್ಯ ಕಾರಣವೆಂದು ತೋರಿತು. ಬಸಿರಿನ ಹಾರ್ಮೋನುಗಳನ್ನೂ ಅಳೆದಾಗ ಕಂಡದ್ದು ಇನ್ನೂ ಕಳವಳಕಾರಿ. 2008ರಿಂದ 2014ರ ನಡುವೆ ಪತ್ತೆಯಾದ ಬಸಿರುಗಳಲ್ಲಿ ಶೇಕಡ 69ರಷ್ಟು ವಿಫಲವಾಗಿದ್ದವು.

ಮೇಲಿನಿಂದ ತೆಗೆದ ಚಿತ್ರಗಳು ಇನ್ನೊಂದು ಸಾಕ್ಷ್ಯ ಒದಗಿಸಿದವು. ಮೊದಲು ಹೆಲಿಕಾಪ್ಟರಿನಿಂದ, ಈಚೆಗೆ ಡ್ರೋನ್‌ಗಳಿಂದ ಓರ್ಕಾಗಳ ಮೈಯ ಅಗಲವನ್ನು ಅಳೆಯುತ್ತಿದ್ದಾರೆ. ಪುಷ್ಟವಾದ ಓರ್ಕಾದ ತಲೆಯ ಹಿಂಭಾಗ ಕೊಬ್ಬಿನಿಂದ ತುಂಬಿ ಮೈಯೊಡನೆ ಒಂದಾಗಿರುತ್ತದೆ. ಹಸಿದದ್ದರಲ್ಲಿ ಅಲ್ಲಿ ತಗ್ಗು ಬಿದ್ದು, ತಲೆ ಕಡಲೆಕಾಯಿಯ ಆಕಾರಕ್ಕೆ ತಿರುಗುತ್ತದೆ. ಹೀಗಾದವು ಸಾಯುವ ಸಂಭವ ಉಳಿದವಕ್ಕಿಂತ ಎರಡು ಮೂರು ಪಟ್ಟು ಹೆಚ್ಚು.

ಹಸಿವು ಇನ್ನೊಂದು ಶತ್ರುವನ್ನೂ ಎಬ್ಬಿಸುತ್ತದೆ. ಟ್ರಾನ್ಸ್‌ಫಾರ್ಮರ್ ಮುಂತಾದ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕಗಳನ್ನು ಉತ್ತರ ಅಮೆರಿಕದಲ್ಲಿ 1970ರ ದಶಕದಲ್ಲೇ ನಿಷೇಧಿಸಿದರೂ ಅವು ಕಡಲನ್ನು ಬಿಟ್ಟುಹೋಗಿಲ್ಲ. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಓರ್ಕಾಕ್ಕೆ ಏರುತ್ತ ಹೋಗಿ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಹೊಟ್ಟೆತುಂಬ ತಿನ್ನುವಾಗ ವಿಷ ಕೊಬ್ಬಿನಲ್ಲೇ ಬಂದಿಯಾಗಿರುತ್ತದೆ. ಹಸಿವಾಗಿ ಕೊಬ್ಬು ಕರಗಿದಾಗ ವಿಷವೂ ರಕ್ತಕ್ಕೆ ಇಳಿಯುತ್ತದೆ, ರೋಗನಿರೋಧಕ ಶಕ್ತಿಯನ್ನೂ ಸಂತಾನಶಕ್ತಿಯನ್ನೂ ಬಾಧಿಸುತ್ತದೆ. ತಾಯಿ ತನ್ನ ಪಾಲಿನ ವಿಷವನ್ನು ಹಾಲಿನ ಮೂಲಕ ಮರಿಗೆ, ಅದರಲ್ಲೂ ಚೊಚ್ಚಲ ಮರಿಗೆ, ಉಣಿಸುತ್ತದೆ.

ನೆರೆಮನೆಯ ಸಮೃದ್ಧಿ

ಇಲ್ಲೊಂದು ವಿರೋಧಾಭಾಸವಿದೆ. ಪೀಟರ್ ರಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಳತೆಯಂತೆ, ದಕ್ಷಿಣದ ನೆಲೆಗಾರ ಗಂಡುಗಳ ಒಂದು ಕಿಲೊ ಕೊಬ್ಬಿನಲ್ಲಿ ಸರಾಸರಿ 146 ಮಿಲಿಗ್ರಾಂ ಪಿಸಿಬಿ ಇತ್ತು. ಸೀಲ್ ತಿನ್ನುವ ಅಲೆಮಾರಿ ಗಂಡುಗಳಲ್ಲಿ ಇದ್ದದ್ದು 251 ಮಿಲಿಗ್ರಾಂ. ಮೀನು ತಿಂದ ಸೀಲನ್ನು ತಿನ್ನುವ ಕಾರಣ ಅವುಗಳಿಗೆ ಒಂದು ಮೆಟ್ಟಿಲು ಹೆಚ್ಚಿನ ವಿಷ. ವಿಷವೊಂದೇ ಕಾರಣವಾಗಿದ್ದರೆ ಮೊದಲು ಅಳಿಯಬೇಕಾದವು ಅಲೆಮಾರಿಗಳು. ಆದರೆ ಅವು ಏಳಿಗೆ ಹೊಂದುತ್ತಿವೆ.

ಕಾರಣ ಸರಳ: ಅವುಗಳಿಗೆ ಊಟ ಹೆಚ್ಚಾಗಿದೆ. ಸೀಲ್ ಕೂಡ ಸಾಲ್ಮನ್ ಕಳ್ಳನೆಂದು ಬ್ರಿಟಿಷ್ ಕೊಲಂಬಿಯದಲ್ಲಿ ದಶಕಗಟ್ಟಲೆ ಅದನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. 1970ರಲ್ಲಿ ಕೆನಡಾ, 1972ರಲ್ಲಿ ಅಮೆರಿಕ ಸೀಲ್‌ಗಳಿಗೆ ಕಾನೂನಿನ ರಕ್ಷಣೆ ನೀಡಿದವು. ಆಗ ಆ ಪ್ರಾಂತದಲ್ಲಿ ಸುಮಾರು 10,000 ಇದ್ದ ಬಂದರು ಸೀಲ್‌ಗಳು 2008ರ ಹೊತ್ತಿಗೆ ಒಂದು ಲಕ್ಷ ದಾಟಿದವು. ಸೀಲ್ ಹೆಚ್ಚಿದಂತೆ ಅಲೆಮಾರಿ ಓರ್ಕಾಗಳೂ ಹೆಚ್ಚಿದವು. ಹಿಂದೆ ಅಪರೂಪದ ಅತಿಥಿಗಳಾಗಿದ್ದ ಅವು ಈಗ ಸುಮಾರು 350ರಷ್ಟಿವೆ. ಸೇಲಿಶ್ ಸಮುದ್ರದಲ್ಲಿ ವರ್ಷದ ಎಲ್ಲ ತಿಂಗಳೂ ಕಾಣಿಸುತ್ತವೆ. ಅವುಗಳ ನಡುವೆ ನೆಲೆಗಾರರು ಬೇಸಿಗೆಯಲ್ಲಿ ಬರುವುದೇ ಕಡಿಮೆಯಾಗಿದೆ. ಹೆಸರುಗಳು ಅದಲುಬದಲಾದಂತಾಗಿದೆ.

ಹಾಗಾದರೆ ನೆಲೆಗಾರರೂ ಸೀಲ್ ತಿನ್ನಬಾರದೇಕೆ? ಸೀಲ್‌ಗಳು ಅವುಗಳ ಪಕ್ಕದಲ್ಲೇ ನಿರ್ಭಯವಾಗಿ ಈಜುತ್ತವೆ. ಹಲ್ಲಿದೆ, ಬಲವಿದೆ, ಹಸಿವೂ ಇದೆ. ಆದರೆ ಯಾವ ತಾಯಿಯೂ ಅದು ಆಹಾರವೆಂದು ಕಲಿಸಿಲ್ಲ. ಪೆಡ್ಡರ್ ಬೇಯ ಓರ್ಕಾಗಳು ಮೀನಿನ ಮುಂದೆ ಉಪವಾಸ ಬಿದ್ದಂತೆ, ಇವು ಸೀಲಿನ ಮುಂದೆ ಸೊರಗುತ್ತಿವೆ. ಸಾವಿರಾರು ವರ್ಷ ಇವನ್ನು ಸಾಕಿದ ತಿಳಿವಳಿಕೆಯೇ, ಆ ಒಂದು ಮೀನು ಕೈಕೊಟ್ಟಾಗ, ಇವುಗಳ ಕಟ್ಟುಪಾಡಾಗಿ ನಿಂತಿದೆ.

ಹದಿನೇಳು ದಿನ

2018ರ ಜುಲೈ 24ರಂದು ವಿಕ್ಟೋರಿಯಾದ ಬಳಿ ತಾಲೆಕ್ವಾ ಎಂಬ ನೆಲೆಗಾರ ಓರ್ಕಾ ಹೆಣ್ಣುಮರಿಯನ್ನು ಹೆತ್ತಿತು. ಮರಿ ಒಂದು ಗಂಟೆಯೂ ಬದುಕಲಿಲ್ಲ. ತಾಯಿ ಸತ್ತ ಮರಿಯನ್ನು ಮೂತಿಯ ಮೇಲೆ ಹೊತ್ತು 17 ದಿನ, ಸುಮಾರು 1,600 ಕಿಲೊಮೀಟರ್ ಈಜಿತು. ಜಾರಿ ಮುಳುಗಿದಾಗಲೆಲ್ಲ ಆಳಕ್ಕಿಳಿದು ಎತ್ತಿ ತಂದಿತು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಅದೇ ಬೇಸಿಗೆಯಲ್ಲಿ ಅದೇ ಬಳಗದ, ಮೂರೂವರೆ ವರ್ಷದ ಸ್ಕಾರ್ಲೆಟ್ ಎಂಬ ಮರಿ ಎಲುಬಿನ ಗೂಡಾಗಿತ್ತು. ಅಮೆರಿಕ ಮತ್ತು ಕೆನಡಾದ ತಜ್ಞರು ದೂರದಿಂದ ಚುಚ್ಚುಮದ್ದು ಹಾರಿಸಿದರು. ಲಮ್ಮಿ ಜನರ ದೋಣಿಯಿಂದ ಜೀವಂತ ಚಿನೂಕ್ ಮೀನುಗಳನ್ನು ಅದರ ಮುಂದೆ ಬಿಡಲಾಯಿತು. ಮರಿ ಅವನ್ನು ತಿಂದದ್ದನ್ನು ಯಾರೂ ಖಚಿತವಾಗಿ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಅದು ಕಣ್ಮರೆಯಾಯಿತು. ಕಡಲಿನ ಪ್ರಾಣಿಗೆ ಮನುಷ್ಯ ತಟ್ಟೆಯಲ್ಲಿ ಬಡಿಸಲಾರ ಎಂಬುದು ಆಗ ಸ್ಪಷ್ಟವಾಯಿತು. ತಾಲೆಕ್ವಾಗೆ 2020ರಲ್ಲಿ ಆರೋಗ್ಯವಂತ ಗಂಡುಮರಿ ಹುಟ್ಟಿತು. ಆದರೆ 2024ರ ಡಿಸೆಂಬರಿನಲ್ಲಿ ಕಂಡ ಹೆಣ್ಣುಮರಿ ಕೆಲವೇ ದಿನಗಳಲ್ಲಿ ಸತ್ತಿತು. ಹೊಸ ವರ್ಷದ ಮೊದಲ ದಿನ ತಾಯಿ ಮತ್ತೆ ಹೆಣ ಹೊತ್ತು ಈಜುತ್ತಿತ್ತು.

ಇವುಗಳ ಸಂಕಟಕ್ಕೆ ಆಹಾರವೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಹಡಗುಗಳ ಸದ್ದಿಗೆ ಮೀನಿನ ಪ್ರತಿಧ್ವನಿ ಕೇಳದಂತಾಗುತ್ತದೆ. ಮರಿಗಳನ್ನು ಕಳೆದುಕೊಂಡ ಸಣ್ಣ ಬಳಗದಲ್ಲಿ ಹತ್ತಿರದ ರಕ್ತಸಂಬಂಧಗಳು ಹೆಚ್ಚಿ ಆಯುಷ್ಯ ಕುಗ್ಗಿದೆಯೆಂದು 2023ರ ಅಧ್ಯಯನವೊಂದು ತಿಳಿಸಿದೆ. ಆದರೆ ಸದ್ದು, ವಿಷ, ರಕ್ತಸಂಬಂಧ ಈ ಮೂರೂ ಹಸಿದ ದೇಹವನ್ನು ಹೆಚ್ಚು ಬಾಧಿಸುತ್ತವೆ.

ಕೆಲವು ಕೆಲಸಗಳು ಆಗಿವೆ. ವ್ಯಾಂಕೂವರ್ ಬಂದರು 2017ರಿಂದ ಓರ್ಕಾಗಳ ಜಾಗದಲ್ಲಿ ವೇಗ ತಗ್ಗಿಸುವಂತೆ ಹಡಗುಗಳನ್ನು ಕೋರುತ್ತಿದೆ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕೆಡವಿದ ಮೇಲೆ ಚಿನೂಕ್ ನೂರು ವರ್ಷಗಳ ಬಳಿಕ ಮೇಲಿನ ಕಣಿವೆಗೆ ಏರಿತು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳು 2024ರಲ್ಲಿ ಪೂರ್ತಿ ನೆಲಸಮವಾದವು. ಅದೇ ಅಕ್ಟೋಬರಿನಲ್ಲಿ ಚಿನೂಕ್ ಒರೆಗಾನ್ ರಾಜ್ಯದ ಮೇಲಿನ ಹೊಳೆಗಳಲ್ಲಿ ಕಾಣಿಸಿತು. ಆದರೆ ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳು ವಿದ್ಯುತ್, ನೀರಾವರಿ, ಗೋಧಿ ಸಾಗಣೆಯ ಲೆಕ್ಕಾಚಾರದಲ್ಲಿ ನಿಂತೇ ಇವೆ. ಆ ನದಿಯ ಮೀನನ್ನು ಉಳಿಸಲು ಮೂಲನಿವಾಸಿ ಬುಡಕಟ್ಟುಗಳೊಡನೆ 2023ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಪ್ಪಂದದಿಂದ ಅಮೆರಿಕ ಸರ್ಕಾರ 2025ರ ಜೂನಿನಲ್ಲಿ ಹಿಂದೆ ಸರಿಯಿತು.

2024ರ ಜುಲೈ 1ರ ಎಣಿಕೆಯಲ್ಲಿ ದಕ್ಷಿಣದ ಬಳಗದಲ್ಲಿ ಉಳಿದಿದ್ದದ್ದು 73. ಒಂದು ಓರ್ಕಾ ಬಸಿರು ಹೊರುವುದು ಸುಮಾರು ಒಂದೂವರೆ ವರ್ಷ. ಕಡಲಿಗಿಳಿದ ಚಿನೂಕ್ ಮರಿ ದೊಡ್ಡದಾಗಿ ನದಿಗೆ ಮರಳಲು ಹಲವು ವರ್ಷ ಬೇಕು. ಇಂದು ತೆರೆದ ನದಿ ನಾಳೆಯೇ ಹೊಟ್ಟೆ ತುಂಬಿಸದು. ಈ ಪ್ರಾಣಿಗಳಿಗೆ ಊಟ ಗೊತ್ತಿಲ್ಲ ಎನ್ನುವಂತಿಲ್ಲ. ಯಾವ ತಿಂಗಳು, ಯಾವ ನದಿಯ ಮುಖ, ಯಾವ ಮೀನು ಎಂಬುದನ್ನು ತಲೆಮಾರುಗಳಿಂದ ಬಲ್ಲವು. ಅವು ಪ್ರತಿವರ್ಷ ಆ ನದಿಗಳ ಮುಖಕ್ಕೆ ಬಂದು ನೋಡುತ್ತವೆ. ಮೀನು ಅಲ್ಲಿರುತ್ತದೋ ಇಲ್ಲವೋ ಎಂಬುದು ದಡದ ಮೇಲಿನವರ ಕೈಯಲ್ಲಿದೆ.